ಗ್ರೆನೇಡಾದ ಸ್ವಾತಂತ್ರ್ಯ ದಿನಕ್ಕೆ ಹಾಯಿದೋಣಿಯಲ್ಲಿ ಹೋಗುವವರು ತಿಳಿದಿರಬೇಕಾದದ್ದು

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಇಬ್ಬರು ಮಂಗಳೂರಿನವರು, ಇಬ್ಬರು ಬೆಂಗಳೂರಿನವರು. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್‌ನಲ್ಲಿ 12 ಮೀಟರಿನ ಹಾಯಿದೋಣಿ ಬಾಡಿಗೆಗೆ ಪಡೆದು ದಕ್ಷಿಣಕ್ಕೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಯೋಜನೆ ಇದೆ. ಫೆಬ್ರವರಿ 7ರಂದು ಗ್ರೆನೇಡಾದಲ್ಲಿರುತ್ತೇವೆ. ಅಂದು ಅವರ ಸ್ವಾತಂತ್ರ್ಯ ದಿನ. ದೂರದಿಂದ ನೋಡಿ ಬರುವುದಕ್ಕಿಂತ ಅವರೊಡನೆ ಸೇರುವ ಆಸೆ. ಹೇಗೆ? ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು.

ಉತ್ತರ: ಸೇರಬಹುದು, ಅವರು ಸೇರಿಸಿಕೊಳ್ಳುತ್ತಾರೆ. ಆದರೆ ದೋಣಿಯ ಮೇಲೆ ಕೂತು ಕಾಯುವವರಿಗೆ ಈ ಹಬ್ಬ ಸಿಗುವುದಿಲ್ಲ. ಗ್ರೆನೇಡಾದ ಸ್ವಾತಂತ್ರ್ಯ ದಿನ ನಡೆಯುವುದು ನೆಲದ ಮೇಲೆ: ರಾಜಧಾನಿಯ ಕ್ರೀಡಾಂಗಣದಲ್ಲಿ, ಹಳ್ಳಿಯ ರಸ್ತೆ ಬದಿಯಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ ‘ಆಯಿಲ್ ಡೌನ್’ ಎಂಬ ಅಡುಗೆ ಬೇಯುವ ಹಂಡೆಯ ಸುತ್ತ. ಕ್ರೀಡಾಂಗಣದಲ್ಲಿ ನೀವು ಪ್ರೇಕ್ಷಕರು. ಹಂಡೆಯ ಬಳಿ ಮಾತ್ರ ನೀವು ಪಾಲುದಾರರಾಗಬಹುದು. ಹಾಗಾಗಿ ಫೆಬ್ರವರಿ 4ರೊಳಗೆ ತಲುಪಿ, ಕಾಗದಪತ್ರ ಮುಗಿಸಿ, ಪತಾಕೆಗಳನ್ನು ಸರಿಯಾಗಿ ಏರಿಸಿ, ಲಂಗರು ಹಾಕಿದ ಕೊಲ್ಲಿಯ ಹಳ್ಳಿಗೆ ಹೋಗಿ ಕೆಲಸ ಕೇಳಿ. ತೆಂಗಿನಕಾಯಿ ತುರಿಯುವವರು, ಜೀಗುಜ್ಜೆ ಹೆಚ್ಚುವವರು ಅಂದು ಎಷ್ಟು ಜನ ಇದ್ದರೂ ಸಾಲದು. ಮಂಗಳೂರಿನವರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶಪತ್ರ ಬೇಕೆ?

ಮೊದಲು ದಿನದ ಸ್ವಭಾವ ತಿಳಿದುಕೊಳ್ಳಿ. ಇದು ಕಾರ್ನಿವಲ್ ಅಲ್ಲ. ಗ್ರೆನೇಡಾದ ಕಾರ್ನಿವಲ್ ಆಗಸ್ಟ್‌ನಲ್ಲಿ ಬರುತ್ತದೆ. ಮೈಗೆ ಎಣ್ಣೆ ಬಳಿದುಕೊಂಡು ಕುಣಿಯುವ ಜಾಬ್ ಜಾಬ್ ವೇಷದ ಚಿತ್ರಗಳನ್ನು ನೋಡಿ ಫೆಬ್ರವರಿಯಲ್ಲಿ ಅದನ್ನೇ ಹುಡುಕುವವರು ನಿರಾಶರಾಗುತ್ತಾರೆ. ಫೆಬ್ರವರಿ 7 ಗಂಭೀರವಾದ, ಮನೆಮಂದಿಯೆಲ್ಲ ಸೇರುವ ಹಬ್ಬ. ಪೊಲೀಸ್ ಪಡೆ ಮತ್ತು ಶಾಲಾ ಸಂಘಗಳ ಪಥಸಂಚಲನ ಇರುತ್ತದೆ, ಗವರ್ನರ್ ಜನರಲ್ ಗೌರವ ವಂದನೆ ಸ್ವೀಕರಿಸುತ್ತಾರೆ. ದೇಶ ಸ್ವತಂತ್ರವಾದರೂ ಬ್ರಿಟನ್ನಿನ ದೊರೆಯೇ ಇಂದಿಗೂ ಇಲ್ಲಿನ ರಾಷ್ಟ್ರದ ಮುಖ್ಯಸ್ಥ. ನಮ್ಮ ಗಣರಾಜ್ಯೋತ್ಸವದ ಕಣ್ಣಿನಲ್ಲಿ ನೋಡಿದರೆ ಇದು ಅರ್ಥವಾಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. 1974ರ ಫೆಬ್ರವರಿ 7ರಂದು ಸ್ವಾತಂತ್ರ್ಯ ಬಂದಾಗ ದ್ವೀಪ ಮುಷ್ಕರದಲ್ಲಿ ಮುಳುಗಿತ್ತು. ಅದಕ್ಕೆ ಮೂರು ತಿಂಗಳು ಹಿಂದೆ, 1973ರ ನವೆಂಬರ್ 18ರಂದು, ಗ್ರೆನ್‌ವಿಲ್ ಪಟ್ಟಣದಲ್ಲಿ ವಿರೋಧ ಪಕ್ಷದ ನಾಯಕರನ್ನು ಪೊಲೀಸರು ಥಳಿಸಿದ್ದರು. 1974ರ ಜನವರಿ 21ರಂದು ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ ಆ ನಾಯಕರಲ್ಲೊಬ್ಬರ ತಂದೆ ರೂಪರ್ಟ್ ಬಿಷಪ್ ಗುಂಡಿಗೆ ಬಲಿಯಾದರು. ಅವರ ಮಗ ಮಾರಿಸ್ ಬಿಷಪ್ 1979ರ ಮಾರ್ಚ್ 13ರ ಕ್ರಾಂತಿಯಲ್ಲಿ ಮೊದಲ ಪ್ರಧಾನಿ ಎರಿಕ್ ಗೇರಿಯ ಸರ್ಕಾರವನ್ನು ಉರುಳಿಸಿದರು, 1983ರ ಅಕ್ಟೋಬರ್ 19ರಂದು ಫೋರ್ಟ್ ಜಾರ್ಜ್ ಕೋಟೆಯಲ್ಲಿ ತಾವೇ ಕೊಲೆಯಾದರು. ಆರು ದಿನಗಳ ನಂತರ ಅಮೆರಿಕದ ಸೇನೆ ಇಳಿಯಿತು. ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಇದು ನೆನಪಿದೆ. ಒಂದೇ ಮನೆಯಲ್ಲಿ ಗೇರಿಯನ್ನು ಮೆಚ್ಚುವವರೂ ಬಿಷಪ್‌ರನ್ನು ಪ್ರೀತಿಸುವವರೂ ಇರುತ್ತಾರೆ. ಅವರಾಗಿ ಹೇಳಿದರೆ ಕಿವಿಗೊಡಿ, ನೀವಾಗಿ ಕೆದಕಬೇಡಿ, ತೀರ್ಪು ಕೊಡಬೇಡಿ.

ಈಗ ದಾರಿಯ ವಿಷಯ. ಭಾರತದಲ್ಲಿ ದೋಣಿ ಕಲಿತವರು ಒಂದು ಪಾಠವನ್ನು ಇಲ್ಲಿ ತಿರುಗಿಸಿ ಓದಬೇಕು. ಸಮುದ್ರ ಗುರುತುಗಳ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ನಮ್ಮ ಕರಾವಳಿ ಐಎಎಲ್‌ಎ ‘ಎ’ ವಲಯಕ್ಕೆ ಸೇರಿದ್ದು. ಬಂದರಿನೊಳಗೆ ಬರುವಾಗ ಕೆಂಪು ಬೋಯೆ (ತೇಲುವ ಗುರುತು) ಎಡಕ್ಕೆ, ಹಸಿರು ಬಲಕ್ಕೆ. ಕೆರಿಬಿಯನ್ ‘ಬಿ’ ವಲಯ. ಇಲ್ಲಿ ಒಳಬರುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ನವ ಮಂಗಳೂರು ಬಂದರಿನ ಅಭ್ಯಾಸದಲ್ಲೇ ಸೇಂಟ್ ಜಾರ್ಜಸ್ ಹೊಕ್ಕರೆ ದೋಣಿಯ ತಳ ಬಂಡೆಗೆ ತಾಗುತ್ತದೆ. ಚುಕ್ಕಾಣಿಯ ಎದುರು ಒಂದು ಚೀಟಿ ಬರೆದು ಅಂಟಿಸಿಕೊಳ್ಳಿ. ದಣಿದಾಗ ಕೈ ಹಳೆಯ ಅಭ್ಯಾಸಕ್ಕೇ ಮರಳುತ್ತದೆ.

ಫೆಬ್ರವರಿಯ ಮೊದಲ ವಾರದಲ್ಲಿ ವಾಣಿಜ್ಯ ಮಾರುತ ಪೂರ್ವ-ಈಶಾನ್ಯದಿಂದ 15ರಿಂದ 25 ನಾಟ್ (ಗಂಟೆಗೆ ಸುಮಾರು 28ರಿಂದ 46 ಕಿಲೋಮೀಟರ್) ಬೀಸುತ್ತಿರುತ್ತದೆ. ‘ಕ್ರಿಸ್‌ಮಸ್ ಗಾಳಿ’ ಎಂದು ಅಲ್ಲಿನವರು ಕರೆಯುವ ಜೋರುಗಾಳಿ ಡಿಸೆಂಬರ್‌ನಲ್ಲಿ ಶುರುವಾಗಿ ಆಗಲೂ ಪೂರ್ತಿ ತಗ್ಗಿರುವುದಿಲ್ಲ. ಸೇಂಟ್ ವಿನ್ಸೆಂಟ್ ಮತ್ತು ಗ್ರೆನೆಡೀನ್ಸ್ ದೇಶದ ಯೂನಿಯನ್ ದ್ವೀಪದಲ್ಲಿ, ಕ್ಲಿಫ್ಟನ್‌ನಲ್ಲಿ, ನಿರ್ಗಮನದ ಮುದ್ರೆ ಹಾಕಿಸಿಕೊಂಡರೆ ಗ್ರೆನೇಡಾಕ್ಕೆ ಸೇರಿದ ಕಾರಿಯಾಕೂ ದ್ವೀಪ ಎರಡು ಗಂಟೆಯ ಹಾದಿ. ಈ ಎರಡೂ ದ್ವೀಪಗಳು 2024ರ ಜುಲೈ 1ರಂದು ಬೆರಿಲ್ ಚಂಡಮಾರುತಕ್ಕೆ ನೇರವಾಗಿ ಸಿಕ್ಕಿ ನಲುಗಿದವು. ಅಲ್ಲಿ ನೀರು, ತರಕಾರಿ, ಊಟಕ್ಕೆಂದು ಖರ್ಚು ಮಾಡುವ ಪ್ರತಿ ಡಾಲರಿಗೂ ಬೆಲೆ ಇದೆ. ಧಾವಂತದಲ್ಲಿ ದಾಟಿಹೋಗಬೇಡಿ.

ಕಾರಿಯಾಕೂವಿನ ಟಿರೆಲ್ ಬೇಯಿಂದ ಸೇಂಟ್ ಜಾರ್ಜಸ್‌ಗೆ ಸುಮಾರು 30 ನಾಟಿಕಲ್ ಮೈಲಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಒಂದರ ಹೊತ್ತಿಗೆ ತಲುಪುತ್ತೀರಿ. ಈ ಹಾದಿಯಲ್ಲಿ ಗ್ರೆನೇಡಾದ ಉತ್ತರಕ್ಕೆ ಸುಮಾರು 8 ಕಿಲೋಮೀಟರ್ ದೂರದಲ್ಲಿ ನೀರಿನಡಿ ಒಂದು ಜೀವಂತ ಜ್ವಾಲಾಮುಖಿ ಇದೆ. ಹೆಸರು ಕಿಕ್ ಎಮ್ ಜೆನ್ನಿ. 1939ರಲ್ಲಿ ಮೊದಲು ದಾಖಲಾದ ಇದು 2017ರಲ್ಲೂ ಉಗುಳಿತ್ತು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಭೂಕಂಪನ ಸಂಶೋಧನಾ ಕೇಂದ್ರ ಇದರ ಮೇಲೆ ಕಣ್ಣಿಟ್ಟಿರುತ್ತದೆ. ಎಚ್ಚರಿಕೆ ಹಳದಿ ಮಟ್ಟದಲ್ಲಿದ್ದಾಗ ಶಿಖರದಿಂದ ಒಂದೂವರೆ ಕಿಲೋಮೀಟರ್, ಕಿತ್ತಳೆಗೆ ಏರಿದಾಗ 5 ಕಿಲೋಮೀಟರ್ ದೂರವಿರಬೇಕು. ಲಾವಾ ಮೇಲೆ ಬರುತ್ತದೆಂದಲ್ಲ. ಅನಿಲದ ಗುಳ್ಳೆಗಳು ತುಂಬಿದ ನೀರಿನ ಸಾಂದ್ರತೆ ಕುಸಿಯುತ್ತದೆ, ಅಂಥ ನೀರು ದೋಣಿಯನ್ನು ತೇಲಿಸಲಾರದು. ಹೊರಡುವ ದಿನ ಬೆಳಿಗ್ಗೆ ಮಟ್ಟ ಯಾವುದೆಂದು ನೋಡಿ, ನಕ್ಷೆಯಲ್ಲಿ ವೃತ್ತ ಬರೆದು, ಪ್ರವಾಹ ನಿಮ್ಮನ್ನು ಪಶ್ಚಿಮಕ್ಕೆ ತಳ್ಳುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ದಿಕ್ಕು ಹಿಡಿಯಿರಿ. ಗ್ರೆನೇಡಾದ ಪಶ್ಚಿಮ ದಡ ಸೇರಿದೊಡನೆ 840 ಮೀಟರ್ ಎತ್ತರದ ಮೌಂಟ್ ಸೇಂಟ್ ಕ್ಯಾಥರಿನ್ ಗಾಳಿಗೆ ಅಡ್ಡ ನಿಲ್ಲುತ್ತದೆ. ಗಾಳಿ ಸತ್ತಂತಾಗಿ, ಮುಂದಿನ ಕಣಿವೆಯ ಬಾಯಲ್ಲಿ ಒಮ್ಮೆಲೇ ಅಪ್ಪಳಿಸುತ್ತದೆ. ಗಾಳಿಯಿಲ್ಲವೆಂದು ಬಿಚ್ಚಿದ ಹಾಯಿಯನ್ನು ಮತ್ತೆ ಕಿರಿದು ಮಾಡಲು ಪುರುಸೊತ್ತು ಕೊಡುವುದಿಲ್ಲ.

ಕಾಗದಪತ್ರವನ್ನು ಹಬ್ಬದ ಹಿಂದಿನ ದಿನಕ್ಕೆ ಉಳಿಸಿಕೊಳ್ಳಬೇಡಿ. ಸೇಲ್‌ಕ್ಲಿಯರ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದೋಣಿಯ ವಿವರ, ಸಿಬ್ಬಂದಿ ಪಟ್ಟಿ ಮೊದಲೇ ತುಂಬಿ. ಟಿರೆಲ್ ಬೇಯಲ್ಲಿ ಪ್ರವೇಶದ ಅನುಮತಿ ಕೋರುವ ಹಳದಿ ‘ಕ್ಯೂ’ ಪತಾಕೆ ಏರಿಸಿ ಲಂಗರು ಹಾಕಿ, ನಾಯಕನೊಬ್ಬನೇ ಪಾಸ್‌ಪೋರ್ಟ್‌ಗಳು, ದೋಣಿಯ ನೋಂದಣಿ, ಬಾಡಿಗೆ ಒಪ್ಪಂದ, ಹಿಂದಿನ ದೇಶದ ನಿರ್ಗಮನ ಪತ್ರ ಹಿಡಿದು ಕಚೇರಿಗೆ ಹೋಗಬೇಕು. ಮುದ್ರೆ ಬೀಳುವವರೆಗೆ ಉಳಿದವರು ದೋಣಿ ಬಿಡುವಂತಿಲ್ಲ. ಮುಂದೆ ಯಾವ ಯಾವ ಕೊಲ್ಲಿಗಳಿಗೆ ಹೋಗುತ್ತೀರೆಂದು ಅಲ್ಲೇ ಬರೆಸಿ. ಕಾರಿಯಾಕೂ ಮತ್ತು ಗ್ರೆನೇಡಾ ಒಂದೇ ದೇಶವಾದ್ದರಿಂದ ಮತ್ತೆ ಪ್ರವೇಶ ಬೇಕಿಲ್ಲ. ರಜೆಯ ದಿನ ಕಚೇರಿ ತೆರೆಸಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಫೆಬ್ರವರಿ 7 ಭಾನುವಾರವಾದರೆ ಸೋಮವಾರವೂ ರಜೆ. ಶುಲ್ಕವನ್ನು ಪೂರ್ವ ಕೆರಿಬಿಯನ್ ಡಾಲರಿನಲ್ಲಿ ಕೊಡಲು ಸಿದ್ಧರಿರಿ. 2.70ಕ್ಕೆ ಒಂದು ಅಮೆರಿಕನ್ ಡಾಲರ್, 1976ರಿಂದ ಬದಲಾಗದ ದರ. ಎಟಿಎಂ ಹಬ್ಬದ ದಿನ ಬರಿದಾಗಬಹುದು, ಚಿಲ್ಲರೆ ನೋಟುಗಳನ್ನು 5ನೇ ತಾರೀಖಿಗೇ ತೆಗೆದಿಡಿ.

ಭಾರತೀಯ ಪಾಸ್‌ಪೋರ್ಟಿನವರು ಎಡವುವುದು ಗ್ರೆನೇಡಾದಲ್ಲಿ ಅಲ್ಲ, ಹಿಂದಿರುಗುವಾಗ. ಮಾರ್ಟಿನಿಕ್ ಫ್ರಾನ್ಸಿನ ನೆಲ. ಅಲ್ಲಿಂದ ಹೊರಟು ಬೇರೆ ದೇಶಗಳನ್ನು ಸುತ್ತಿ ಮತ್ತೆ ಅಲ್ಲಿಗೇ ಬಂದರೆ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ದೋಣಿ ಒಳಗೆ, ನೀವು ಹೊರಗೆ. ಫ್ರೆಂಚ್ ಕೆರಿಬಿಯನ್ ಪ್ರದೇಶಕ್ಕೆ ಬಹುಪ್ರವೇಶದ ವೀಸಾವನ್ನೇ ಕೇಳಿ. ದಾರಿಯ ಪ್ರತಿ ದೇಶದ ನಿಯಮವನ್ನೂ ಆಯಾ ದೇಶದ ಇಮಿಗ್ರೇಷನ್‌ನಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳಿ. ಬಾಡಿಗೆ ಕಂಪನಿಯ ವಿಮೆ ಗ್ರೆನೇಡಾದ ನೀರಿಗೂ ಅನ್ವಯಿಸುತ್ತದೆಂಬ ಸಾಲು ಒಪ್ಪಂದದಲ್ಲಿರಲಿ.

ಲಂಗರು ಎಲ್ಲಿ? ಪಥಸಂಚಲನವಷ್ಟೇ ನೋಡುವುದಾದರೆ ಸೇಂಟ್ ಜಾರ್ಜಸ್‌ನ ಹೊರಗಿನ ತಾಣ ಹತ್ತಿರ. ಆದರೆ ಅಲ್ಲಿ ತೆಳ್ಳನೆಯ ಮರಳಿನಡಿ ಗಟ್ಟಿ ತಳವಿದ್ದು ಲಂಗರು ಕಚ್ಚಿದಂತೆ ಮಾಡಿ ಜಾರುತ್ತದೆ. ಎಂಜಿನ್ ಹಿಂದಕ್ಕೆ ಓಡಿಸಿ ಪರೀಕ್ಷಿಸಿ, ಸಾಧ್ಯವಾದರೆ ಈಜಿ ಹೋಗಿ ಕಣ್ಣಾರೆ ನೋಡಿ, ಆಳದ ಐದು ಪಟ್ಟು ಸರಪಳಿ ಬಿಡಿ. ದಿನವಿಡೀ ದೋಣಿ ಬಿಟ್ಟುಹೋಗುವ ಹಬ್ಬಕ್ಕೆ ಮರೀನಾದಲ್ಲಿ (ದೋಣಿ ನಿಲ್ದಾಣದಲ್ಲಿ) ಎರಡು ರಾತ್ರಿಯ ಜಾಗ ಕೊಂಡರೆ ನಷ್ಟವಿಲ್ಲ. ನಿಮ್ಮ ಉದ್ದೇಶಕ್ಕೆ ನಮ್ಮ ಸಲಹೆ ದಕ್ಷಿಣ ದಡ: ಪ್ರಿಕ್ಲಿ ಬೇ, ಮೌಂಟ್ ಹಾರ್ಟ್‌ಮನ್, ಹಾಗ್ ಐಲ್ಯಾಂಡ್, ಕ್ಲಾರ್ಕ್ಸ್ ಕೋರ್ಟ್ ಬೇ. ಪ್ರಿಕ್ಲಿ ಬೇ ತುಸು ತೊನೆದಾಡಿಸುತ್ತದೆ, ಉಳಿದವನ್ನು ಹವಳದ ದಿಬ್ಬಗಳು ಕಾಯುತ್ತವೆ. ಆ ದಿಬ್ಬಗಳೇ ಅಪಾಯವೂ ಹೌದು. ಸೂರ್ಯ ನೆತ್ತಿಯ ಮೇಲೆ ಅಥವಾ ಬೆನ್ನಿಗಿದ್ದಾಗ ಮಾತ್ರ ಒಳಹೊಕ್ಕಿರಿ. ಪ್ರಿಕ್ಲಿ ಬೇಯ ಹೊರಗೆ ನೀರಿನ ಮಟ್ಟದಲ್ಲೇ ತಲೆ ಎತ್ತುವ ಪೋರ್ಪೊಯಿಸಸ್ ಬಂಡೆಗಳನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಕ್ಲಾರ್ಕ್ಸ್ ಕೋರ್ಟ್ ಬೇಯ ದಡದಲ್ಲೇ ವೋಬರ್ನ್ ಎಂಬ ಮೀನುಗಾರರ ಹಳ್ಳಿ ಇದೆ. ನೀವು ಹುಡುಕುವ ಹಬ್ಬ ಇಂಥ ಕಡೆ ಇರುತ್ತದೆ.

ಪತಾಕೆಗಳ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ದಡದ ಮೇಲಿನವರಿಗೆ ನಿಮ್ಮ ಮರ್ಯಾದೆ ಮೊದಲು ಕಾಣುವುದು ಅದರಲ್ಲೇ. ಗ್ರೆನೇಡಾದ ಧ್ವಜಕ್ಕೆ ಕೆಂಪು ಅಂಚು, ಅದರ ಮೇಲೆ ಮೂರು ಕೆಳಗೆ ಮೂರು ಚಿನ್ನದ ನಕ್ಷತ್ರ, ನಡುವೆ ಕೆಂಪು ವೃತ್ತದಲ್ಲಿ ಏಳನೆಯದು. ಒಳಭಾಗದಲ್ಲಿ ಮೇಲೂ ಕೆಳಗೂ ಹಳದಿ ತ್ರಿಕೋನ, ಎಡಬಲಕ್ಕೆ ಹಸಿರು ತ್ರಿಕೋನ. ಏಳು ನಕ್ಷತ್ರ ಎಂದರೆ ಆರು ಪ್ಯಾರಿಷ್‌ಗಳು (ಆಡಳಿತ ವಿಭಾಗಗಳು) ಮತ್ತು ಕಾರಿಯಾಕೂ-ಪೆಟಿಟ್ ಮಾರ್ಟಿನೀಕ್ ಜೋಡಿ. ಒಂದು ಹಸಿರು ತ್ರಿಕೋನದಲ್ಲಿ ಬಿರಿದ ಜಾಯಿಕಾಯಿಯ ಚಿತ್ರವಿದೆ. ಈ ಜಾಯಿಕಾಯಿ ಹಗ್ಗದ ಕಡೆಗಿರಬೇಕು, ಗಾಳಿಗೆ ಹಾರುವ ತುದಿಯ ಕಡೆಗಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಧ್ವಜದ ಉಳಿದ ಭಾಗ ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ ತಿರುವುಮುರುವಾದದ್ದು ಗೊತ್ತಾಗುವುದಿಲ್ಲ, ದಡದ ಶಾಲೆಯ ಮಕ್ಕಳಿಗೆ ಗೊತ್ತಾಗುತ್ತದೆ. ಈ ಧ್ವಜ ನೆಲದ ಮೇಲೆ 3:5, ಸಮುದ್ರದಲ್ಲಿ 1:2 ಅನುಪಾತದ್ದು. ಅಂಗಡಿಯಲ್ಲಿ ಎರಡೂ ಸಿಕ್ಕರೆ ಉದ್ದನೆಯದನ್ನು ಕೊಳ್ಳಿ. ನಿಮ್ಮ ದೋಣಿಗೆ 30 ಸೆಂಟಿಮೀಟರ್ ಎತ್ತರ ಸಾಕು.

ಮುದ್ರೆ ಬಿದ್ದೊಡನೆ ‘ಕ್ಯೂ’ ಇಳಿಸಿ, ಬಲಗಡೆಯ ಸ್ಪ್ರೆಡರ್‌ನಡಿ (ಹಾಯಿ ಕಟ್ಟುವ ಕೂವೆಮರದ ಅಡ್ಡತೋಳಿನ ಕೆಳಗೆ) ಗ್ರೆನೇಡಾದ ಧ್ವಜವನ್ನು ಗೌರವ ಪತಾಕೆಯಾಗಿ ಏರಿಸಿ. ಅದೇ ಹಗ್ಗದಲ್ಲಿ ಅದರ ಮೇಲೆ ಬೇರೇನೂ ಇರಕೂಡದು. 20 ನಾಟ್ ಗಾಳಿಯಲ್ಲಿ ಅಗ್ಗದ ಪಾಲಿಯೆಸ್ಟರ್ ಎರಡು ವಾರದಲ್ಲಿ ಚಿಂದಿಯಾಗುತ್ತದೆ. ಹರಿದ ಪತಾಕೆ ಏರಿಸುವುದಕ್ಕಿಂತ ದೊಡ್ಡ ಅಗೌರವವಿಲ್ಲ. ಎರಡು ಕೊಂಡು, ಹೊಸದನ್ನು 7ಕ್ಕೆ ಮೀಸಲಿಡಿ. ದೋಣಿ ಫ್ರಾನ್ಸಿನಲ್ಲಿ ನೋಂದಾಯಿತವಾಗಿದ್ದರೆ ಹಿಂಬದಿಯಲ್ಲಿ ಫ್ರೆಂಚ್ ಧ್ವಜವೇ ಇರಬೇಕು. ನಮ್ಮ ತ್ರಿವರ್ಣ ಅಲ್ಲಿಗೆ ಸಲ್ಲದು. ಸಿಬ್ಬಂದಿಯ ದೇಶ ತೋರಿಸಲು ಎಡಗಡೆಯ ಸ್ಪ್ರೆಡರ್‌ನಡಿ ಚಿಕ್ಕದೊಂದನ್ನು ಹಾರಿಸುವ ರೂಢಿ ಇದೆ. ಗಾತ್ರದಲ್ಲೂ ಎತ್ತರದಲ್ಲೂ ಅದು ಆತಿಥೇಯರ ಧ್ವಜವನ್ನು ಮೀರದಿರಲಿ, ಕೇಸರಿ ಮೇಲಿರಲಿ, ಸೂರ್ಯಾಸ್ತಕ್ಕೆ ಇಳಿಸಿ.

ದೋಣಿಯನ್ನು ಪೂರ್ತಿ ಸಿಂಗರಿಸುವುದಿದ್ದರೆ ಲಂಗರಿನಲ್ಲಿದ್ದಾಗ ಮಾತ್ರ, ಬೆಳಿಗ್ಗೆ 8ರಿಂದ ಸೂರ್ಯಾಸ್ತದವರೆಗೆ. ಅಂತರರಾಷ್ಟ್ರೀಯ ಸಂಕೇತ ಪತಾಕೆಗಳ ಪೂರ್ಣ ಸೆಟ್‌ನಲ್ಲಿ 26 ಅಕ್ಷರ, 10 ಅಂಕಿ, 3 ಬದಲಿ, ಒಂದು ಪ್ರತ್ಯುತ್ತರ ಪತಾಕೆ, ಒಟ್ಟು 40. ಮೂತಿಯಿಂದ ಕೂವೆಮರದ ತುದಿಗೆ, ಅಲ್ಲಿಂದ ಹಿಂಬದಿಗೆ ನಿಮ್ಮ ದೋಣಿಯಲ್ಲಿ ಹೆಚ್ಚುಕಡಿಮೆ 36 ಮೀಟರ್ ಆಗುತ್ತದೆ. ಒಂದೊಂದು ಪತಾಕೆಗೆ 90 ಸೆಂಟಿಮೀಟರ್ ಪಾಲು. ಎರಡು ಚೌಕ, ಒಂದು ಉದ್ದನೆಯದು ಎಂಬ ಸರದಿಯಲ್ಲಿ ಕಟ್ಟಿದರೆ ಕಣ್ಣಿಗೆ ಹಿತ. ಪತಾಕೆಗೆ ಪತಾಕೆ ಸೇರಿಸಿ ಸರ ಮಾಡಬೇಡಿ. ಎಳೆತವೆಲ್ಲ ಹೊಲಿಗೆಯ ಮೇಲೆ ಬಿದ್ದು ಒಂದು ಹರಿದರೆ ಇಡೀ ಸಾಲು ನೀರಿಗೆ. 6 ಮಿಲಿಮೀಟರಿನ ಒಂದೇ ಅಖಂಡ ಹಗ್ಗ ಎಳೆದು ಪ್ರತಿಯೊಂದನ್ನೂ ಮೇಲೆ ಕೆಳಗೆ ಅದಕ್ಕೇ ಕಟ್ಟಿ. ಕೂವೆಮರದ ತುದಿಗೆ ಏರಿಸುವ ಗಂಟಿಗೆ ಇನ್ನೊಂದು ಹಗ್ಗ ಕಟ್ಟಿ ಕೆಳಕ್ಕೆ ಬಿಟ್ಟಿರಿ. ಇಲ್ಲದಿದ್ದರೆ ಸಂಜೆ ಸಾಲು ಮೇಲೆಯೇ ಸಿಕ್ಕಿಕೊಂಡು, ಯಾರಾದರೂ ಮರ ಹತ್ತಬೇಕಾಗುತ್ತದೆ. ಬಾಡಿಗೆ ದೋಣಿಗಳಲ್ಲಿ ಪೂರ್ಣ ಸೆಟ್ ಸಿಗುವುದು ಅಪರೂಪ. ಇದ್ದ ಎರಡು ಮೂರನ್ನೇ ಅಂದಕ್ಕೆಂದು ಏರಿಸಬೇಡಿ. ‘ಎನ್’ ಮೇಲೆ, ‘ಸಿ’ ಕೆಳಗೆ ಬಂದರೆ ಅದು ಅಪಾಯದಲ್ಲಿದ್ದೇವೆ ಎಂಬ ಕೂಗು. ಸೆಟ್ ಇಲ್ಲದವರು ರೇಲಿಂಗ್‌ಗೆ ಕೆಂಪು, ಹಳದಿ, ಹಸಿರು ಬಟ್ಟೆಯ ಪಟ್ಟಿ ಕಟ್ಟಿದರೆ ಸಾಕು. ದ್ವೀಪವೆಲ್ಲ ಆ ವಾರ ಅದೇ ಬಣ್ಣದಲ್ಲಿರುತ್ತದೆ: ರಸ್ತೆಯಂಚಿನ ಕಲ್ಲು, ಕಂಬ, ಹಳೆಯ ಟೈರು, ಅಂಗಡಿಯ ಮೆಟ್ಟಿಲು. ಹಳ್ಳಿಯವರು ಬಣ್ಣ ಬಳಿಯುತ್ತಿರುವುದು ಕಂಡರೆ ನಿಂತು ಕುಂಚ ಕೇಳಿ, ಒಂದು ಡಬ್ಬಿ ಬಣ್ಣ ಕೊಡಿಸಿ. ಕೇಳದೆ ಯಾವ ಗೋಡೆಗೂ ಕೈ ಹಾಕಬೇಡಿ.

ಉಡುಪಿನಲ್ಲಿ ಎರಡು ಎಚ್ಚರ. ಸೈನಿಕರ ಮಾದರಿಯ ಕಾಮಫ್ಲಾಜ್ ಬಟ್ಟೆ ಗ್ರೆನೇಡಾದಲ್ಲಿ ಕಾನೂನುಬಾಹಿರ, ಟೋಪಿ ಚೀಲ ಕೂಡ. 1983ರ ನೆನಪಿರುವ ಊರಿನಲ್ಲಿ ಅದು ಬರೀ ಬಟ್ಟೆಯಲ್ಲ. ಈಜುಡುಗೆಯಲ್ಲಿ ಪೇಟೆ ಸುತ್ತುವುದೂ ಸಲ್ಲದು. ಕ್ರೀಡಾಂಗಣಕ್ಕೆ ತೋಳಿರುವ ಅಂಗಿ ಹಾಕಿ, ಮೂರು ಬಣ್ಣಗಳಲ್ಲಿ ಒಂದು ಮೈಮೇಲಿರಲಿ. ರಾಷ್ಟ್ರಗೀತೆಗೆ ನೆಟ್ಟಗೆ ನಿಲ್ಲಿ, ಮೊಬೈಲ್ ಕೆಳಗಿರಲಿ.

ಹಬ್ಬದ ದಿನ ವ್ಯಾನ್ ಬಸ್ಸುಗಳು ವಿರಳ. ಸೇಂಟ್ ಜಾರ್ಜಸ್‌ನಿಂದ ಗ್ರಾಂಡ್ ಆನ್ಸ್ ಕಡೆಗೆ 1ನೇ ನಂಬರ್, ವೋಬರ್ನ್ ಕಡೆಗೆ 2ನೇ ನಂಬರ್. ಇಳಿಯುವಾಗ ಬಸ್ಸಿನ ಮೈ ತಟ್ಟಬೇಕು. ರಾತ್ರಿ ಮರಳಲು ಟ್ಯಾಕ್ಸಿಯನ್ನು ಬೆಳಿಗ್ಗೆಯೇ ಗೊತ್ತು ಮಾಡಿ, ದರ ಮಾತಾಡಿಕೊಳ್ಳಿ. ಬಸ್ಸು, ಅಂಗಡಿ, ಅಂಗಳ ಯಾವುದನ್ನು ಹೊಕ್ಕರೂ ಮೊದಲು ‘ಗುಡ್ ಮಾರ್ನಿಂಗ್’, ಆಮೇಲೆ ಕೆಲಸದ ಮಾತು. ರಾತ್ರಿ ಎದುರಾದಾಗಿನ ನಮಸ್ಕಾರಕ್ಕೆ ಅಲ್ಲಿ ‘ಗುಡ್ ನೈಟ್’ ಎನ್ನುತ್ತಾರೆ. ಅದು ಬೀಳ್ಕೊಡುಗೆಯಲ್ಲ. ವಂದಿಸದೆ ನೇರ ಬೆಲೆ ಕೇಳಿದವರಿಗೆ ಸಿಗುವ ತಣ್ಣನೆಯ ಉತ್ತರಕ್ಕೆ ಕಾರಣ ಬಣ್ಣವೂ ಅಲ್ಲ, ದೇಶವೂ ಅಲ್ಲ, ಆ ಒಂದು ಪದ ಬಿಟ್ಟದ್ದು.

ಇನ್ನು ಹಂಡೆಗೆ ಬರೋಣ. ಆಯಿಲ್ ಡೌನ್ ಗ್ರೆನೇಡಾದ ರಾಷ್ಟ್ರೀಯ ಅಡುಗೆ. ತೆಂಗಿನ ಹಾಲು ಬತ್ತಿ, ಎಣ್ಣೆ ಬಿಟ್ಟುಕೊಂಡು ತಳಕ್ಕೆ ಇಳಿಯುವುದರಿಂದ ಆ ಹೆಸರು. ಸಾಮಗ್ರಿ ಕೇಳಿದರೆ ಕರಾವಳಿಯವರಿಗೆ ತವರಿನ ನೆನಪಾಗುತ್ತದೆ: ಜೀಗುಜ್ಜೆ, ಕೆಸುವಿನ ಎಲೆ, ಬಾಳೆಕಾಯಿ, ತೆಂಗಿನ ಹಾಲು, ಅರಿಶಿನ. ಅಲ್ಲಿ ಅರಿಶಿನಕ್ಕೆ ‘ಸ್ಯಾಫ್ರನ್’ ಎನ್ನುತ್ತಾರೆ, ಕೇಸರಿ ಹುಡುಕಿಕೊಂಡು ಹೋಗಬೇಡಿ. ಕೆಸುವಿನ ಎಲೆಗೆ ‘ಕ್ಯಾಲಲೂ’. ಜೀಗುಜ್ಜೆ ಪೆಸಿಫಿಕ್‌ನಿಂದ 1793ರಲ್ಲಿ ಕ್ಯಾಪ್ಟನ್ ಬ್ಲೈ ತಂದ ಸಸಿಗಳೊಂದಿಗೆ ಸೇಂಟ್ ವಿನ್ಸೆಂಟ್‌ಗೆ ಇಳಿದದ್ದು, ಗುಲಾಮರಿಗೆ ಅಗ್ಗದ ಅನ್ನವಾಗಲೆಂದು. ಆ ಗುಲಾಮರ ಮೊಮ್ಮಕ್ಕಳು ಅದನ್ನೇ ಸ್ವಾತಂತ್ರ್ಯದ ಊಟವಾಗಿಸಿದರು. ಭಾರತೀಯರ ಪಾಲೂ ಈ ದ್ವೀಪದಲ್ಲಿದೆ. 1857ರ ಮೇ 1ರಂದು ಮೇಡ್‌ಸ್ಟನ್ ಹಡಗು ಕಲ್ಕತ್ತದಿಂದ ಗಿರಮಿಟ್ (ಕರಾರಿನ) ಕೂಲಿಗಳನ್ನು ಇಲ್ಲಿಗೆ ತಂದಿತ್ತು. ರೊಟ್ಟಿ, ಕರಿ ಇಂದು ಪ್ರತಿ ಬೀದಿಯಲ್ಲೂ ಸಿಗುತ್ತವೆ.

ಹತ್ತು ಜನಕ್ಕೆ ಬೇಕಾಗುವುದು: ಸುಮಾರು 2 ಕಿಲೋ ತೂಗುವ ಬಲಿತ ಆದರೆ ಹಣ್ಣಾಗದ ಜೀಗುಜ್ಜೆ ಒಂದು, ತೆಂಗಿನಕಾಯಿ ಮೂರು, ಉಪ್ಪು ಹಾಕಿದ ಹಂದಿಬಾಲ ಅಥವಾ ದನದ ಮಾಂಸ ಮುಕ್ಕಾಲು ಕಿಲೋ, ಕೋಳಿ ಒಂದು ಕಿಲೋ, ಬಾಳೆಕಾಯಿ ಐದು, ಕ್ಯಾರೆಟ್ ನಾಲ್ಕು, ಕೆಸುವಿನ ಎಲೆ ಹದಿನೈದು ಇಪ್ಪತ್ತು, ಮೈದಾ ಅರ್ಧ ಕಿಲೋ, ತುರಿದ ಹಸಿ ಅರಿಶಿನ ಒಂದು ದೊಡ್ಡ ಚಮಚ, ಈರುಳ್ಳಿ, ಬೆಳ್ಳುಳ್ಳಿ, ಥೈಮ್, ಈರುಳ್ಳಿ ಹೂವಿನಂಥ ಚೈವ್ಸ್ ಒಂದು ಕಟ್ಟು, ಸ್ಕಾಚ್ ಬಾನೆಟ್ ಮೆಣಸಿನಕಾಯಿ ಒಂದು. ಇವನ್ನು ಸ್ಥಳೀಯ ಮಾರುಕಟ್ಟೆಯಲ್ಲೇ 6ರೊಳಗೆ ಕೊಳ್ಳಿ. ಬೇರೆ ದ್ವೀಪದಿಂದ ತಂದ ಹಣ್ಣು, ತರಕಾರಿ, ಮಾಂಸ ದಡಕ್ಕಿಳಿಸಬೇಡಿ, ಕೀಟ ಮತ್ತು ರೋಗ ಹರಡುತ್ತವೆ.

ಉಪ್ಪು ಮಾಂಸವನ್ನು ಹಿಂದಿನ ರಾತ್ರಿಯೇ ನೆನೆಸಿ, ಎರಡು ಮೂರು ಬಾರಿ ನೀರು ಬದಲಿಸಿ, ಒಮ್ಮೆ ಕುದಿಸಿ ಚೆಲ್ಲಬೇಕು. ಇದನ್ನು ಬಿಟ್ಟರೆ ಇಡೀ ಹಂಡೆ ಉಪ್ಪಾಗುತ್ತದೆ, ಆಮೇಲೆ ಸರಿಪಡಿಸಲಾಗದು. ಜೀಗುಜ್ಜೆಯ ಮೇಣಕ್ಕೆ ಹಲಸಿನಂತೆಯೇ ಕೈಗೂ ಚಾಕುವಿಗೂ ಎಣ್ಣೆ ಹಚ್ಚಿಕೊಂಡು, ಎಂಟು ಹೋಳು ಮಾಡಿ, ನಡುವಿನ ದಿಂಡು ತೆಗೆಯಿರಿ. ತುರಿದ ಕಾಯಿಗೆ ಬಿಸಿನೀರು ಹಾಕಿ ಹಿಂಡಿ ಒಂದೂವರೆ ಲೀಟರ್ ಹಾಲು ತೆಗೆದು ಅರಿಶಿನ ಕದಡಿ. ಹಂಡೆ ತುಂಬುವುದಕ್ಕೆ ಅಲ್ಲಿ ‘ಪ್ಯಾಕ್’ ಮಾಡುವುದೆನ್ನುತ್ತಾರೆ, ಪ್ರತಿ ಹಳ್ಳಿಗೂ ಅದರಲ್ಲಿ ಹೆಸರಾದ ಕೈ ಇರುತ್ತದೆ. ತಳದಲ್ಲಿ ಮಾಂಸ ಮತ್ತು ಮಸಾಲೆ, ಮೇಲೆ ಜೀಗುಜ್ಜೆ, ಬಾಳೆಕಾಯಿ, ಕ್ಯಾರೆಟ್, ನಂತರ ಹಾಲು. ಹಾಲು ಜೀಗುಜ್ಜೆಯ ಮಟ್ಟಕ್ಕೆ ಬಂದರೆ ಸಾಕು, ಮುಳುಗಿದರೆ ಅದು ಸಾರಾಗುತ್ತದೆ. ಅದರ ಮೇಲೆ ಬೆರಳುದ್ದ ಹೊಸೆದ ಮೈದಾದ ಡಂಪ್ಲಿಂಗ್, ಕೊನೆಗೆ ಎಲ್ಲವನ್ನೂ ಮುಚ್ಚುವಂತೆ ಕೆಸುವಿನ ಎಲೆ. ಎಲೆಯೇ ಆವಿಯನ್ನು ಹಿಡಿದಿಡುವ ಮುಚ್ಚಳ. ಮೆಣಸಿನಕಾಯಿ ತೊಟ್ಟಿನೊಂದಿಗೆ ಇಡಿಯಾಗಿ ಮೇಲಿರಲಿ, ಒಡೆದರೆ ಮಕ್ಕಳು ತಿನ್ನಲಾರರು.

ಮೊದಲು ಜೋರು ಉರಿ, ಕುದಿ ಬಂದ ಮೇಲೆ ಹದ ಉರಿ, ಸುಮಾರು ಒಂದು ಗಂಟೆ. ಸೌಟು ಹಾಕಿ ತಿರುವಬೇಡಿ. ತಿರುವಿದರೆ ಜೀಗುಜ್ಜೆ ಮುದ್ದೆಯಾಗಿ ತಳ ಹಿಡಿಯುತ್ತದೆ. ಬೆಂದದ್ದನ್ನು ಕಿವಿಯಿಂದ ತಿಳಿಯಬೇಕು: ಕೊತಕೊತ ಸದ್ದು ನಿಂತು ಒಗ್ಗರಣೆಯಂತೆ ಚುರುಚುರು ಶುರುವಾದರೆ ಹಾಲು ಬತ್ತಿ ಎಣ್ಣೆ ಇಳಿದಿದೆ. ಕೆಸುವಿನ ಎಲೆ ಪೂರ್ತಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ನಮ್ಮಲ್ಲಿ ಹುಣಸೆ ಹಾಕಿ ತುರಿಕೆ ಕೊಲ್ಲುತ್ತೇವೆ, ಇಲ್ಲಿ ಹುಳಿ ಇಲ್ಲ, ಸಮಯವೇ ಮದ್ದು. ದೋಣಿಯಲ್ಲೇ ಅರ್ಧ ಪ್ರಮಾಣದಲ್ಲಿ ಮಾಡುವವರು ಕುಕ್ಕರನ್ನು ಬರೀ ದಪ್ಪ ತಳದ ಪಾತ್ರೆಯಾಗಿ ಬಳಸಿ, ಮುಚ್ಚಳ ಬಿಗಿಯಬೇಡಿ. ಎಲೆ ಏರಿ ಆವಿಯ ರಂಧ್ರ ಕಟ್ಟಿಕೊಳ್ಳುತ್ತದೆ.

ಕಟ್ಟಿಗೆ ಆರಿಸಲು ಕಳಿಸಿದರೆ ಬಲು ಎಚ್ಚರ. ಕಡಲತೀರದಲ್ಲಿ ಮ್ಯಾಂಚಿನೀಲ್ ಎಂಬ ಮರವಿದೆ, ಸಣ್ಣ ಹಸಿರು ಸೇಬಿನಂಥ ಕಾಯಿ, ಕೆಲವೆಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಕಾಯಿ ವಿಷ, ಹಾಲು ತಾಗಿದರೆ ಬೊಬ್ಬೆ, ಮಳೆಯಲ್ಲಿ ಅದರಡಿ ನಿಂತರೂ ಚರ್ಮ ಸುಡುತ್ತದೆ. ಅದರ ಕಟ್ಟಿಗೆಯ ಹೊಗೆ ಕಣ್ಣನ್ನೇ ಕೆಡಿಸುತ್ತದೆ. ಗೊತ್ತಿರುವವರು ತೋರಿಸಿದ್ದನ್ನಷ್ಟೇ ತನ್ನಿ.

ಸಸ್ಯಾಹಾರಿಗಳಿಬ್ಬರಿಗೆ: ಮಾಂಸ ಬದಿಗೆ ಸರಿಸಿ ತಿನ್ನಬಹುದಾದ ಅಡುಗೆ ಇದಲ್ಲ, ತಳದ ರಸವೇ ಎಲ್ಲಕ್ಕೂ ಹತ್ತಿರುತ್ತದೆ. ಆದರೆ ರಾಸ್ತಫಾರಿ ಪಂಥದವರು ಮಾಂಸವಿಲ್ಲದ ‘ಐಟಲ್’ ಆಯಿಲ್ ಡೌನ್ ಮಾಡುತ್ತಾರೆ. ಒಂದು ದಿನ ಮೊದಲೇ ‘ಐಟಲ್’ ಎಂದು ಕೇಳಿ. ಕಟ್ಟುನಿಟ್ಟಿನವರು ಉಪ್ಪನ್ನೂ ಹಾಕುವುದಿಲ್ಲ, ನಿಮ್ಮದೊಂದು ಪುಟ್ಟ ಡಬ್ಬಿ ಜೊತೆಗಿರಲಿ. ಅಥವಾ ಅದೇ ಬೆಂಕಿಯ ಪಕ್ಕದಲ್ಲಿ ಚಿಕ್ಕ ಪಾತ್ರೆ ಇಡಲು ಅನುಮತಿ ಕೇಳಿ, ತಳಕ್ಕೆ ಕುಂಬಳಕಾಯಿ ಹರಡಿ. ಹಾಗೆ ಮಾಡಿದ್ದನ್ನು ಎಲ್ಲರಿಗೂ ಹಂಚಿ. ಬೇರೆ ಮಾಡಿಕೊಂಡು ಬೇರೆಯಾಗಿ ಕೂತು ತಿನ್ನುವುದು ಚೆನ್ನಾಗಿ ಕಾಣುವುದಿಲ್ಲ.

ರಾತ್ರಿಯ ಅಪಾಯವೆಲ್ಲ ದಡದಿಂದ ದೋಣಿಗೆ ಮರಳುವ ಹತ್ತು ನಿಮಿಷದಲ್ಲಿದೆ. 1785ರಿಂದ ನಡೆಯುತ್ತಿರುವ ರಿವರ್ ಆಂಟ್ವಾನ್ ಭಟ್ಟಿಯ ರಮ್ಮಿನಲ್ಲಿ 75 ಶೇಕಡಾ ಮದ್ಯಸಾರವಿರುತ್ತದೆ, ವಿಮಾನದಲ್ಲಿ ಒಯ್ಯುವವರಿಗೆಂದೇ 69ರದ್ದೂ ಇದೆ. ದಡಕ್ಕೆ ಹೋಗಿಬರುವ ಪುಟ್ಟ ದೋಣಿಯಾದ ಡಿಂಗಿ ನಡೆಸುವವರು ಅಂದು ಅಮಟೆಯ ಬಂಧುವಾದ ಗೋಲ್ಡನ್ ಆಪಲ್ ರಸವನ್ನೇ ಕುಡಿಯಲಿ. ಡಿಂಗಿಯಲ್ಲಿ ಸುತ್ತಲೂ ಕಾಣುವ ಬಿಳಿ ದೀಪ, ಎಂಜಿನ್ ನಿಲ್ಲಿಸುವ ಕೊಂಡಿ ಚಾಲಕನ ಮಣಿಕಟ್ಟಿಗೆ, ಎಲ್ಲರಿಗೂ ಲೈಫ್ ಜಾಕೆಟ್. ದೀಪವಿಲ್ಲದ ಡಿಂಗಿಯನ್ನು ವೇಗದ ದೋಣಿಗಳು ಕಾಣುವುದೇ ಇಲ್ಲ. ನಿಮ್ಮ ದೋಣಿಯ ಲಂಗರು ದೀಪವನ್ನು ಹೊರಡುವಾಗ ಹಗಲಲ್ಲೇ ಹೊತ್ತಿಸಿಹೋಗಿ, ಆರು ದಾಟಿದೊಡನೆ ಕತ್ತಲಾಗುತ್ತದೆ. ಮರಳಿದ ಮೇಲೆ ಡಿಂಗಿಯನ್ನು ನೀರಿನಿಂದ ಮೇಲೆತ್ತಿ ಬೀಗ ಹಾಕಿ. ಅವಧಿ ಮುಗಿದ ಫ್ಲೇರ್‌ಗಳನ್ನು ಪಟಾಕಿಯಂತೆ ಹಾರಿಸುವ ಮನಸ್ಸು ಯಾರಿಗಾದರೂ ಬಂದರೆ ತಡೆಯಿರಿ. ಅದು ಅಪಾಯದ ಸಂಕೇತ, ಸುಳ್ಳು ಸಂಕೇತ ಅಪರಾಧ, ಮತ್ತು ಹಬ್ಬ ಬಿಟ್ಟು ಕರಾವಳಿ ಕಾವಲಿನವರು ನಿಮ್ಮನ್ನು ಹುಡುಕಿಕೊಂಡು ಬರಬೇಕಾಗುತ್ತದೆ.

8ರ ಬೆಳಿಗ್ಗೆ ಹೊರಡುವ ಆತುರ ಬೇಡ. ಕಡ ತಂದ ಹಂಡೆ, ತುರಿಮಣೆ ಇದ್ದರೆ ತೊಳೆದು ಮರಳಿಸಿ, ಬೆಂಕಿಯ ಜಾಗದ ಕಸ ಹೆಕ್ಕಲು ಹಳ್ಳಿಯವರೊಂದಿಗೆ ಒಂದು ಗಂಟೆ ಕೈಜೋಡಿಸಿ. ಆಮೇಲೆ ನಿರ್ಗಮನದ ಮುದ್ರೆಗೆ ಕಚೇರಿಗೆ ಹೋಗಿ. ಗೌರವ ಪತಾಕೆ ಗ್ರೆನೇಡಾದ ನೀರು ದಾಟುವವರೆಗೂ ಹಾರುತ್ತಿರಲಿ.